ಆ ಪದ ಆಡಿದವಳು ನಾನೇ

ಬೆರ್ಗುರ್, ನನ್ನ ತಮ್ಮಾ,

ಸಂಜೆ ಐದು ಗಂಟೆ. ತಪ್ಪಿಸಿಕೊಂಡ ಎರಡು ಕುರಿಗಳನ್ನು ಹುಡುಕಲು ನೀನು ಬೆಟ್ಟ ಹತ್ತಿ ಇಂದಿಗೆ ಎಂಟು ದಿನ. ಬೆಳಗಿನಿಂದ ನಿನ್ನನ್ನು ಹುಡುಕುವವರಿಗಾಗಿ ಮಾಂಸದ ಸಾರು ಕುದಿಸಿದೆ. ಅವರ ಒದ್ದೆ ಕಾಲುಚೀಲಗಳನ್ನು ಒಲೆಯ ಮೇಲೆ ಒಣಹಾಕಿದೆ. ಎಲ್ಲರೂ ಉಂಡರು. ನಾನು ಉಂಡೆನೋ ಇಲ್ಲವೋ ನೆನಪಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ಇಲ್ಲಿ ಯಾರಿಗೂ ಹೇಳುವ ಧೈರ್ಯವಾಗಿಲ್ಲ.

ಎರಡನೆಯ ದಿನ ಸಂಜೆ ಪಕ್ಕದ ತೋಟದಮನೆಯ ಕೆಟಿಲ್ ಫೋನ್ ಮಾಡಿದ್ದ. ನಿನ್ನ ಕಿಟಕಿಯಲ್ಲಿ ದೀಪ ಕಾಣಲಿಲ್ಲವಂತೆ, ಜನ ಸೇರಿಸಲೇ ಎಂದು ಕೇಳಿದ. ನಾನು ನಕ್ಕೆ. "ಅವನು ಸೆರ್ವಿತುರ್ ಅಲ್ವಾ ಕೆಟಿಲ್, ನಿಂಗೆ ಗೊತ್ತಿಲ್ವಾ? ಹೊಟ್ಟೆ ಹಸಿದ್ರೆ ಬರ್ತಾನೆ" ಎಂದೆ. ಅವನೂ ನಕ್ಕು ಫೋನ್ ಇಟ್ಟ. ಮೂರನೆಯ ದಿನ ಯಾರೂ ಏನೂ ಮಾಡಲಿಲ್ಲ. ನಾಲ್ಕನೆಯ ದಿನ ಹಿಮ ಬಿತ್ತು.

ಇಡೀ ಐಸ್‌ಲ್ಯಾಂಡ್ ಈ ಪದವನ್ನು ಪ್ರೀತಿಯಿಂದಲೇ ಆಡುತ್ತದೆ. ತನ್ನದೇ ಬುದ್ಧಿಯವನು, ತನ್ನದೇ ದಾರಿಯವನು ಎಂದು ಅರ್ಥ. ಹುಚ್ಚ ಎಂದರೆ ಜಗಳವಾಗುತ್ತದೆ, ಸೆರ್ವಿತುರ್ ಎಂದರೆ ನಗು ಬರುತ್ತದೆ. ಮೂವತ್ತು ವರ್ಷ ಪುಸ್ತಕಗಳನ್ನೆಲ್ಲ ಕೊನೆಯ ಪುಟದಿಂದ ಓದಿದ ನಮ್ಮ ಚಿಕ್ಕಮ್ಮ ಸೆರ್ವಿತುರ್. ಪಾದ್ರಿಗಲ್ಲದೆ ಬೇರೆ ಯಾರಿಗೂ ಕಾಫಿ ಕೊಡದ ಅಜ್ಜ ಸೆರ್ವಿತುರ್. ಸತ್ತವರಿಗೆ ಪತ್ರಿಕೆಯಲ್ಲಿ ಬರೆಯುವ ವಿದಾಯಪತ್ರಗಳಲ್ಲೂ ಈ ಪದ ಬರುತ್ತದೆ. ಹಾಗೆಂದ ಮೇಲೆ ಆ ಮನುಷ್ಯನ ಬಗ್ಗೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ತಮ್ಮಾ. ಅದೇ ನನ್ನನ್ನು ಕೊಲ್ಲುತ್ತಿದೆ.

ಇಂದು ಮಧ್ಯಾಹ್ನ ಕೆಟಿಲ್ ನಿನ್ನ ಗವಸು ತಂದ. ಕಂದು ಬಣ್ಣದ್ದು, ಬಲಗೈಯದು. ನದಿಯ ದಡದಲ್ಲಿ ಸಿಕ್ಕಿತಂತೆ. ಎಲ್ಲರೂ ತಲೆ ತಗ್ಗಿಸಿದರು. ನದಿ ನಿನ್ನನ್ನು ಒಯ್ದಿತೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ನಾನು ಕೇಳಿದೆ: "ಗವಸಿನ ಮೇಲೆ ಕಲ್ಲಿತ್ತಾ?"

"ಇತ್ತು. ಗಾಳಿಗೆ ಉರುಳಿರಬೇಕು" ಎಂದ.

ಬಲಕ್ಕೆ ಕಂದು, ಎಡಕ್ಕೆ ಬೂದು ಬೇಕೆಂದು ನೀನು ಹಟ ಹಿಡಿದಾಗ ನಾನೇ ಹೆಣೆದುಕೊಟ್ಟಿದ್ದೆ. ಮದುವೆಯಾದರೆ ಹೆಂಡತಿಗೂ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ ಹಾಕಿಸ್ತಾನೆ ಎಂದು ಕೆಟಿಲ್ ಊರೆಲ್ಲ ನಗಿಸಿದ್ದ. ಬಲಗಡೆ ಹುಡುಕಿ ಮುಗಿದರೆ ಬಲಗೈಯ ಗವಸನ್ನು, ಎಡಗಡೆ ಮುಗಿದರೆ ಎಡಗೈಯದನ್ನು ಅಲ್ಲೇ ಕಲ್ಲಿನಡಿ ಇಟ್ಟು ನೀನು ಇನ್ನೊಂದು ಕಡೆಗೆ ಹೋಗುತ್ತಿದ್ದೆ. ಒಂದೇ ಜಾಗವನ್ನು ಎರಡು ಸಲ ಹುಡುಕಬಾರದೆಂದು. ಮರಳುವಾಗ ಎತ್ತಿಕೊಳ್ಳುತ್ತಿದ್ದೆ. ಒಂದು ಕೈ ಮರಗಟ್ಟುತ್ತದೆ ಎಂದು ನಾನು ಬೈದರೆ, "ಇನ್ನೊಂದು ಇದೆಯಲ್ಲಕ್ಕಾ" ಎನ್ನುತ್ತಿದ್ದೆ.

ಬಲಗಡೆ ನದಿ, ಅದನ್ನು ನೀನು ಮುಗಿಸಿದ್ದೆ. ನೀನು ಹೋದದ್ದು ಎಡಕ್ಕೆ, ಕಮರಿಯ ಕಡೆಗೆ. ಅಲ್ಲಿ ಹಳೆಯ ಕುರಿಗಾಹಿಗಳ ಗುಡಿಸಲಿದೆ. ನಾಲ್ಕು ದಿನ ಇಪ್ಪತ್ತು ಜನ ತಪ್ಪು ಕಡೆಯಲ್ಲಿ ಹುಡುಕಿದರು.

ಹುಡುಕುವವರ ಮುಖ್ಯಸ್ಥೆ ಸ್ವಾಲಾಳ ತೋಳು ಹಿಡಿದು ಗವಸಿನ ವಿಷಯವನ್ನೆಲ್ಲ ಹೇಳಿದೆ. ಅವಳು ಗವಸನ್ನು ತಿರುವಿ ನೋಡಿದಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಹಲ್ಬೆರಾ?" ಎಂದು ಮೆಲ್ಲಗೆ ಕೇಳಿದಳು. ನಾನು ಗವಸನ್ನು ಜೇಬಿಗೆ ಹಾಕಿಕೊಂಡೆ. ನಾಳೆ ಒಂದು ದಿನ ಮಾತ್ರ, ಆಮೇಲೆ ಜನರನ್ನು ಹಿಡಿದಿಡಲಾಗದು ಎಂದಳು. ಕೆಟಿಲ್ ಟೋಪಿ ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ನಿಂತಿದ್ದ.

ಎಂಟು ರಾತ್ರಿಗಳು, ಬೆರ್ಗುರ್. ನನಗೆ ಲೆಕ್ಕ ಬರುತ್ತದೆ. ಆದರೂ ಆ ಗುಡಿಸಲಿಗೆ ಇನ್ನೂ ಸೂರಿರಲಿ, ನಿನ್ನ ಆ ಎರಡು ಕುರಿಗಳು ನಿನ್ನ ಮೈಗೆ ಒತ್ತಿಕೊಂಡು ಮಲಗಿರಲಿ. ದೇವರು ನಿನ್ನ ಬಲಗೈಯನ್ನು ಬೆಚ್ಚಗಿಡಲಿ. ಗವಸು ನನ್ನ ಜೇಬಿನಲ್ಲಿದೆ, ತರುತ್ತೇನೆ.

ನಿನ್ನ ಬಗ್ಗೆ ಕೇಳದೇ ಉಳಿದ ಅಕ್ಕ,
ಹಲ್ಬೆರಾ

ನಾಳೆ ಎಂಟು ಗಂಟೆಗೆ ಬೆಳಕಾಗುತ್ತದೆ. ಹನ್ನೊಂದು ಜನ ಬರುತ್ತಾರೆ.