ಸ್ಟ್ಯಾನ್ಮೋರಿನ ದೊರೆಗೆ ಬಿದ್ದ ಭೇಷ್

ಕೆಂಟನ್, ಶನಿವಾರ, ೧೫ ನವೆಂಬರ್ ೨೦೨೫

ಕಲ್ಯಾಣಿ ಇವತ್ತು 'ಭೇಷ್' ಎಂದದ್ದು ಯಾಕೆ? ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಏನು ನುಡಿಸಿದರೂ ಅವಳ ಬಾಯಿಂದ ಆ ಮಾತು ಬಂದದ್ದಿಲ್ಲ.

ಪಕ್ಕದ ಬಡಾವಣೆ ಸ್ಟ್ಯಾನ್ಮೋರ್‌ನ ಡಾಕ್ಟರ್ ತಿರುಮಲೇಶರ ಮನೆಯಲ್ಲಿ ತಿಂಗಳ ಸಂಗೀತಕೂಟವಿತ್ತು. ನುಡಿಸಿದ್ದು ಹದಿನೆಂಟನೇ ಶತಮಾನದ ಪ್ರಷ್ಯಾದ ಫ್ರೆಡರಿಕ್ ದೊರೆ ತಾನೇ ಬರೆದ ಕೊಳಲು ಸೊನಾಟಾ. ಕೊಳಲು ಡಾಕ್ಟರದು. ಜೊತೆಗೆ ಪಿಯಾನೋದ ಅಜ್ಜಿಯಂಥ ಹಾರ್ಪ್ಸಿಕಾರ್ಡ್ ನುಡಿಸಿದವನು ನಾನು. ಅದನ್ನು ಕೊಂಡು ಹಾಲ್‌ನಲ್ಲಿ ಇಟ್ಟವರು ಮಾತ್ರ ಅವರೇ. ಆ ದೊರೆ ನುಡಿಸುವಾಗ ಮೆಚ್ಚಿ ಕೂಗುವ ಹಕ್ಕು ಅವನ ಗುರುವಿಗೆ ಮಾತ್ರ ಇತ್ತಂತೆ. ಸ್ಟ್ಯಾನ್ಮೋರ್‌ನಲ್ಲಿ ಆ ಹಕ್ಕು ನನ್ನ ಹೆಂಡತಿಗೆ ಯಾವಾಗ ಬಂತು?

ನಡುವೆ ಡಾಕ್ಟರು ಒಂದು ಎಣಿಕೆ ನುಂಗಿದರು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕಲ್ಯಾಣಿಯ ಕೈ ಅಲ್ಲೇ ನಿಂತಿತು. ತಪ್ಪು ಅವಳಿಗೆ ಗೊತ್ತಾಗಿತ್ತು. ಆದರೂ ಮರುಕ್ಷಣವೇ ಜೋರಾಗಿ 'ಭೇಷ್!' ಮುಗಿದ ಮೇಲೆ ಅವರು ಅವಳ ಕಡೆ ತಿರುಗಿ ಕೈಮುಗಿದದ್ದು ಬೇರೆ.

ಕಾರಿನಲ್ಲಿ ಕೇಳಿಯೇಬಿಟ್ಟೆ. "ಅವರನ್ನ ಅಷ್ಟೊಂದು ಯಾಕೆ ಉಬ್ಬಿಸಿದೆ?"

"ಅವರಿಗೆ ಅಂತ ಯಾರು ಹೇಳಿದ್ರು? ನಾನು ಭೇಷ್ ಅಂದಿದ್ದು ನಿಮಗೆ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ ಡ್ರೈವ್ ಮಾಡುತ್ತ. "ಅವರು ತಪ್ಪಿದ ತಕ್ಷಣ ನೀವೂ ಒಂದೆಣಿಕೆ ಹಾರಿ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಬಿಟ್ರಲ್ಲ. ಮನೇಲಿ ನಮ್ಮ ಪ್ರಾಚಿ ತಪ್ಪಿದ್ರೆ ನಿಲ್ಲಿಸಿ ಮೊದಲಿಂದ ನುಡಿಸು ಅಂತೀರಿ, ಪಾಪ ಆ ಮಗೂಗೆ."

ಹಾರಿದ್ದು ನಿಜ. ಬೆರಳು ನನ್ನನ್ನು ಕೇಳಲೂ ಇಲ್ಲ.

ಹದಿನೆಂಟು ವರ್ಷಕ್ಕೆ ಒಂದು ಭೇಷ್ ಸಿಕ್ಕಿತು, ಅದೂ ಡಾಕ್ಟರು ಕೈಮುಗಿದು ತೆಗೆದುಕೊಂಡು ಹೋದ ಮೇಲೆ.