ಅಜ್ಜಿ ಒಪ್ಪಿದ ಕಾಲೇಜು

ನಂಜನಾಡು,
೨೪ ಮೇ ೧೯೩೧, ಭಾನುವಾರ

ಪ್ರೀತಿಯ ಅಪ್ಪನಿಗೆ ಹಾಲನ್ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಮೈ ಹೇಗಿದೆ, ಅದನ್ನು ತಿಳಿಸಿ. ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ ನಡೆದಿರುವ ಸಿಂಗಾರದ ಕಾಡಿನ ಚಳಿಜ್ವರಕ್ಕೆ ಮೇಸ್ತ್ರಿ, ಕೂಲಿ ಎಂಬ ಭೇದವಿಲ್ಲವಂತೆ. ಕ್ವಿನೈನ್ ಕಹಿಯೆಂದು ಕಂಬಳಿಯ ಮಡಿಕೆಯಲ್ಲಿ ಬಚ್ಚಿಡಬೇಡಿ. ಹೋದ ಸಲ ನೀವು ಬಂದಾಗ ನಿಮ್ಮ ಕಂಬಳಿ ಕೊಡವಿದರೆ ಏಳು ಮಾತ್ರೆ ಉದುರಿದವು. ಕಂಬಳಿಗೆ ಜ್ವರ ಬರಲಿಲ್ಲ ಎಂಬುದೇನೋ ನಿಜ. ಇಲ್ಲಿ ಎಲ್ಲರೂ ಕ್ಷೇಮ. ಆಲೂಗಡ್ಡೆ ಎಲೆಬಿಟ್ಟಿದೆ, ಕೊಂಬು ಮುರಿದ ಎಮ್ಮೆ ಹೆಣ್ಣು ಕರು ಹಾಕಿದೆ. ನಾನು ಶಾಲೆಯಲ್ಲಿ ಬೆತ್ತವಿಲ್ಲದೆ ಪಾಠ ಹೇಳುವುದರಿಂದ ನನ್ನ ಬಿ.ಎ. ಅಸಲಿಯೇ ಎಂದು ಹಟ್ಟಿಯವರಿಗೆ ಅನುಮಾನ ಬಂದಿದೆ. ಈ ಪತ್ರವನ್ನು ನಿಮಗೆ ಓದಿ ಹೇಳುವ ಕ್ಯಾಂಪಿನ ಗುಮಾಸ್ತ ರಂಗನಾಥನ್ ಅವರಿಗೂ ನಮಸ್ಕಾರ. ನಗು ಬಂದಲ್ಲಿ ಅವರೊಬ್ಬರೇ ನಕ್ಕು ಮುಂದಿನ ಸಾಲಿಗೆ ಹೋಗಬಾರದು. ನಿಮಗೂ ಹೇಳಿ, ಆಮೇಲೆ ನಗಬೇಕು.

ತಂಗಿ ಲಿಂಗಿಯ ವಿಷಯಕ್ಕೆ ನೀವು ಹೇಳಿ ಕಳಿಸಿದ್ದು ತಲುಪಿತು. "ಕೂಸು ಓದಲಿ, ಬೇಡ ಅನ್ನಲಿಲ್ಲೆ. ಆದರೆ ಆ ಶಿಲುಬೆಯವರ ಕಾಲೇಜೇ ಯಾಕ? ಕಾರಣ ಬರೆ. ಎನ್ನ ಅವ್ವೆ ಒಪ್ಪಿದರೆ ನಾನೂ ಹೆಬ್ಬೆಟ್ಟು ಒತ್ತುವೆ." ಅಪ್ಪಾ, ನೀವು ಶಾಲೆಗೆ ಹೋಗದಿದ್ದುದು ವಕೀಲರ ಪುಣ್ಯ. ಅಜ್ಜಿ ಈ ಜನ್ಮದಲ್ಲಿ ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆ ತಾನೇ ಆ ಮಾತು ಆಡಿದ್ದು? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರಣ.

ಅಲ್ಲಿಗೆ ಹೋದವಳು ಹೆಸರು ಬದಲಿಸಿಕೊಂಡು, ಕೊರಳಿಗೆ ಶಿಲುಬೆ ಹಾಕಿಕೊಂಡು ಬರುತ್ತಾಳೆ ಎಂದು ಮಹಾಲಿಂಗಂ ಮಾಮ ಹಟ್ಟಿಯ ಹದಿನಾಲ್ಕು ಮನೆಗೂ ಹೇಳಿ ಬಂದಿದ್ದಾರೆ. ಮಂಗಳೂರಿನ ಪಾದ್ರಿಗಳ ಬಳಿ ನಾಲ್ಕು ವರ್ಷ ಇದ್ದವನು ನಾನು. ಕೊರಳಿಗೆ ಬಿದ್ದದ್ದು ಟೈ ಒಂದೇ. ಬಿಚ್ಚಲು ತಿಳಿಯದೆ ಮೊದಲ ದಿನ ಅದರೊಂದಿಗೇ ಮಲಗಿದೆ. ನನ್ನ ಮತ ಬದಲಾಗಲಿಲ್ಲ. ಮತಿ ಬದಲಾಯಿತೇ ಎಂಬುದನ್ನು ನೀವೇ ಹೇಳಬೇಕು. ಅಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಓದಲು ಗಂಟೆ, ಹೀಗೆ ಗಂಟೆಗೊಂದು ಗಂಟೆ. ದೇವರು ಯಾರೆಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ನಿನ್ನೆ ಕೊಟ್ಟ ಲೆಕ್ಕ ಏಕೆ ಮಾಡಲಿಲ್ಲ ಎಂದು ದಿನವೂ ಕೇಳಿದರು. ಅದೇ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ನಡೆಸುವ ಕನ್ಯಾಸ್ತ್ರೀಯರು ಇನ್ನೂ ಒಂದು ಕೈ ಮೇಲಂತೆ. ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಬೆಳಗಿನವರೆಗೆ ತೆಗೆಯುವುದಿಲ್ಲ. ಮಾಮನ ಕೊಟ್ಟಿಗೆಯಲ್ಲಿ ಎಮ್ಮೆಗಳಿಗೂ ಅಷ್ಟು ಕಾವಲಿಲ್ಲ. ಅವು ನಮ್ಮ ಆಲೂಗಡ್ಡೆ ಹೊಲಕ್ಕೆ ಬಂದುಹೋಗುವುದೇ ಸಾಕ್ಷಿ. ಅಲ್ಲದೆ ಅಲ್ಲಿ ಹೆಣ್ಣುಮಕ್ಕಳಿಗೂ ವಿಜ್ಞಾನ ಕಲಿಸುತ್ತಾರೆ. ಲಿಂಗಿಗೆ ಬೇಕಾದದ್ದು ಅದೇ. ಬೀಳುವ ನೀರಿನಿಂದ ದೀಪ ಹತ್ತುವುದು ಹೇಗೆ ಎಂದು ಅವಳು ಹಟ್ಟಿಯಲ್ಲಿ ಕೇಳದವರಿಲ್ಲ. ನೀರು ಸುರಿದರೆ ದೀಪ ಆರುತ್ತದೆ ಎಂದು ಮಾಮ ಅನುಭವದಿಂದ ಹೇಳಿದರು. ನಾನು ಬಿ.ಎ. ಆದ್ದರಿಂದ ಕೆಮ್ಮಿದೆ. "ಎರಡು ವರುಷದಿಂದ ಅಪ್ಪ ಆ ಕೊಳವೆ ಹೊರಿಸುತ್ತಾರಲ್ಲ, ಅದರೊಳಗ ಹೋಗುವದು ಏನೆಂದು ಮನೆಯೊಳಗ ಒಬ್ಬರಾದರೂ ತಿಳಿಯಬೇಡವಾ?" ಎಂದಳು. ಮರುದಿನವೇ ಕಾಲೇಜಿನ ಅರ್ಜಿ ತರಿಸಲು ಬರೆದೆ.

ಇನ್ನು ಅಜ್ಜಿ. "ಮದುವೆಯಾಗದ ಹೆಣ್ಣುಗಳ ಕೈಯೊಳಗ ಕೂಸ ಕೊಡುವ ಮುನ್ನ ಅವರ ಮುಖ ನೋಡಬೇಕು" ಎಂದು ಹಟ ಹಿಡಿದರು. ಲಿಂಗಿ ಇಷ್ಟು ದಿನ ಓದಿದ ಊಟಿಯ ಕನ್ಯಾಮಠವನ್ನಾದರೂ ತೋರಿಸೋಣ, ಇವರೂ ಅವರೂ ಒಂದೇ ಬಗೆ ಎಂದು ಗುರುವಾರ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದೆವು. ಗೇಟು ದಾಟಿ ಹತ್ತು ಮಾರು ಹೋಗಿಲ್ಲ, ದನದ ಕೊಟ್ಟಿಗೆಯಿಂದ ಒಬ್ಬ ಕನ್ಯಾಸ್ತ್ರೀ ತೋಳು ಮೇಲಕ್ಕೆ ಮಡಿಸಿ, ನೊರೆಹಾಲಿನ ಬಕೆಟ್ಟು ಹಿಡಿದು ಹೊರಬಂದರು. ತಾವೇ ಕರೆದ ಹಾಲು! ನಮ್ಮಲ್ಲಿ ಹೆಂಗಸರು ಎಮ್ಮೆಯ ಕೆಚ್ಚಲು ಮುಟ್ಟುವುದಿರಲಿ, ಹಾಲಿಡುವ ಕೋಣೆಯ ಹೊಸಿಲನ್ನೂ ದಾಟುವುದಿಲ್ಲ. ಅಜ್ಜಿ ಕಂಬದಂತೆ ನಿಂತರು. ಲಿಂಗಿಯ ಓದು ಆ ಬಕೆಟ್ಟಿನಲ್ಲೇ ಮುಳುಗಿತು ಅಂದುಕೊಂಡೆ.

ಅಜ್ಜಿ ನನ್ನ ತೋಳು ಹಿಡಿದು ವಿಚಾರಣೆಗೆ ತೊಡಗಿದರು. "ಇವಳಿಗ ಗಂಡ?" ಇಲ್ಲ. "ಮಕ್ಕ?" ಇಲ್ಲ. "ಅಡಿಗೆ?" ಅವರದು ಅವರೇ. "ಮನೆಗ ಹೋಗುವದು?" ಹೋಗುವುದಿಲ್ಲ. ಒಂದೊಂದಕ್ಕೂ ಒಂದು ಬೆರಳು ಮಡಿಸಿದರು. ಮುಷ್ಟಿ ತುಂಬುವಷ್ಟರಲ್ಲಿ ಮುಖವೇ ಬೇರೆಯಾಗಿತ್ತು. ನಮ್ಮ ಹೆತ್ತೆಯಮ್ಮನ ಗುಡಿಯಲ್ಲಿ ಸೇವೆಗೆ ನಿಂತ ಬ್ರಹ್ಮಚಾರಿಯ ನೇಮವೂ ಇದೇ ತಾನೆ: ಸಂಸಾರವಿಲ್ಲ, ತನ್ನ ಗಂಜಿ ತಾನೇ ಬೇಯಿಸಬೇಕು, ದೇವರ ಎಮ್ಮೆ ಕರೆಯಬೇಕು, ಹೆಂಗಸರು ಹತ್ತಿರ ಸುಳಿಯಬಾರದು. ಇವರೂ ಯಾವುದೋ ಅಮ್ಮನ ಹಾಲಿನ ಸೇವೆಗೆ ನಿಂತವರು ಎಂದು ಅಜ್ಜಿ ತೀರ್ಮಾನಿಸಿ, ಲಿಂಗಿಯನ್ನೂ ಎಳೆದುಕೊಂಡು ಎಂಟು ಹೆಜ್ಜೆ ಹಿಂದೆ ಸರಿದರು.

ಆ ಹೊತ್ತಿಗೇ ಮಠದ ಹಿರಿಯ ಮದರ್ ಕೈ ಚಾಚಿ ನಗುತ್ತಾ ಬಂದರು. ಅವರು ಒಂದು ಹೆಜ್ಜೆ ಮುಂದಿಟ್ಟರೆ ಅಜ್ಜಿ ಎರಡು ಹೆಜ್ಜೆ ಹಿಂದೆ. ಮದರ್‌ಗೆ ಮರ್ಯಾದೆ ಬಿಡಲಾಗದು, ಅಜ್ಜಿಗೆ ಮಡಿ ಕೆಡಿಸಲಾಗದು. ಹೀಗೆ ಇಬ್ಬರೂ ಗುಲಾಬಿ ತೋಟಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿ, ಅಜ್ಜಿಯ ಬೆನ್ನು ಎಲೆಕೋಸಿನ ಪಾತಿಯ ಬೇಲಿಗೆ ತಾಗಿದಾಗ ನಿಂತರು. "ನಾನು ಏನು ತಪ್ಪು ಮಾಡಿದೆ?" ಎಂದು ಮದರ್ ಇಂಗ್ಲಿಷಿನಲ್ಲಿ ಕೇಳಿದರು, ಪಾಪ, ಅವರ ಕಣ್ಣಲ್ಲಿ ನೀರಿತ್ತು. ನಾನು ಎಲ್ಲವನ್ನೂ ವಿವರಿಸಿದೆ.  ಅವರು ಆ ಬಕೆಟ್ಟನ್ನು ತರಿಸಿ ಇಬ್ಬರ ನಡುವೆ ಗಡಿಕಲ್ಲಿನಂತೆ ಇಡಿಸಿ, ತಾವು ಇದ್ದಲ್ಲೇ ಹುಲ್ಲಿನ ಮೇಲೆ ಕುಳಿತರು. ಅಜ್ಜಿಯೂ ಕುಳಿತರು. ಸಂದರ್ಶನ ಎಂಟು ಹೆಜ್ಜೆ ದೂರದಿಂದ, ಕೂಗಿಕೊಂಡೇ ನಡೆಯಿತು. ತರ್ಜುಮೆ ಮಾಡಿದ ನನ್ನ ಗಂಟಲು ಇನ್ನೂ ಗಂಟಲಾಗಿಲ್ಲ.

ಮತ, ಶಿಲುಬೆ, ಹೆಸರು ಯಾವುದನ್ನೂ ಅಜ್ಜಿ ಕೇಳಲಿಲ್ಲ. ಕೇಳಿದ್ದು ಒಂದೇ: "ಎಂಗ ಕೂಸುಗ ಹಾಲು ಕರೆವದ ಕಲಿಸಿ ಕೊಡುವಿರಾ?" ಮಂಗಳೂರಿನವರು ರಸಾಯನಶಾಸ್ತ್ರ ಕಲಿಸುತ್ತಾರೆ, ಹಸು ಇದ್ದರೆ ಅದನ್ನೂ ಕಲಿಸಿ ಎಂದು ನಾನೇ ಬರೆಯುತ್ತೇನೆ ಎಂದರು ಮದರ್. ಹಿಂದಿರುಗುವಾಗ ಗಾಡಿಯಲ್ಲಿ ಅಜ್ಜಿ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ತಮಗೆ ತಾವೇ ಎಂಬಂತೆ ಅಂದರು: "ಅರುವತ್ತು ವರುಷ ಎಮ್ಮೆಗ ಹುಲ್ಲು ಹೊತ್ತೆ. ಸಗಣಿ ಬಾಚಿದೆ. ಬಸಿರೊಳಗ ಕರು ತಿರುಗಿ ನಿಂತಾಗ ಇಡೀ ದಿನ ಎಮ್ಮೆಯ ಹೊಟ್ಟೆ ನೀವಿದೆ. ಹಾಲು ಹೇಗ ಬರುತ್ತದ ಅಂತ ಮಾತ್ರ ಈ ಕೈಗ ತಿಳಿಯದು. ಇವಳ ಕೈಗ ತಿಳಿಯಲಿ." ಅಪ್ಪಾ, ನಾನು ಮೇಲೆ ಬರೆದ ಕಾರಣಗಳನ್ನೆಲ್ಲ ಹೊಡೆದುಹಾಕಬಹುದು. ಹಟ್ಟಿಯಲ್ಲಿ ಇದನ್ನು ಹೇಳಿದಾಗ ಮಹಾಲಿಂಗಂ ಮಾಮ ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡರು; ಅವರ ಬಾಯಿ ತುಂಬಿಸುವುದು ಸುಲಭ, ಮುಚ್ಚಿಸುವುದು ಕಷ್ಟ.

ಅಜ್ಜಿ ಒಪ್ಪಿದ್ದಾಯಿತು, ನಿಮ್ಮ ಮಾತು ಉಳಿದಿದೆ. ಅರ್ಜಿಯನ್ನು ಇದರೊಳಗೇ ಇಟ್ಟಿದ್ದೇನೆ. ಈ ಪತ್ರ ತರುವ ಲಾರಿಯ ರಾಜೇಂದ್ರನ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೆಬ್ಬೆಟ್ಟು ಒತ್ತಿ ಅವನ ಕೈಗೇ ಕೊಟ್ಟರೆ ಸಾಕು. ಮೈ ಜೋಪಾನ. ಅಜ್ಜಿಯ ಆಶೀರ್ವಾದ, ಲಿಂಗಿಯ ನಮಸ್ಕಾರ, ಹೊಸ ಕರುವಿನ ನೆಕ್ಕುಗಳು.

ನಿಮ್ಮ ಮಗ,
ಹಾಲನ್, ಬಿ.ಎ. (ಅಸಲಿ)

ಮರೆತಿದ್ದೆ: ಮೇಲೆ ರಾಜೇಂದ್ರನ್ ಕೈಗೆ ಕೊಡಿ ಎಂದು ಬರೆದೆನಲ್ಲ, ಅದು ಬೇಡ. ಪತ್ರ ಮಡಿಸುವಾಗ ಲಿಂಗಿಗೆ ಓದಿ ಹೇಳಿದೆ. ಎಲ್ಲ ಕಡೆ ನಕ್ಕಳು, ಕೊನೆಗೆ ಬಂದಾಗ ಎದ್ದು ಹೋಗಿ ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕುತ್ತಿದ್ದಾಳೆ. ಅಪ್ಪ ತಲೆಯ ಮೇಲೆ ಕೈಯಿಟ್ಟು ಹರಸದೆ ಹಟ್ಟಿ ಬಿಟ್ಟು ಯಾರಾದರೂ ಹೊರಟದ್ದುಂಟೇ, ಕಾಗದ ಇದ್ದರೆ ಅವರ ಮನಸ್ಸು ಇದ್ದಂತೆಯೇ ಎಂದು ಕೇಳುತ್ತಾಳೆ. ನೀವು ಬೇಡ ಎಂದರೆ ಹೋಗುವುದಿಲ್ಲವಂತೆ, ಅಳುವುದೂ ಇಲ್ಲವಂತೆ. ಅರ್ಜಿ ಹಿಡಿದು ಶನಿವಾರ ಬೆಳಗಿನ ರೈಲಿಗೆ ಅವಳು ಹೊರಡಬೇಕು. ಹೆಬ್ಬೆಟ್ಟು ಲಾರಿಯಲ್ಲಿ ಬಂದೀತು ಅಪ್ಪಾ, ಕೈ ಬರುವುದಿಲ್ಲ. ರಂಗನಾಥನ್ ಅವರೇ, ಈ ಸಾಲನ್ನು ದಯವಿಟ್ಟು ಎರಡು ಸಲ ಓದಿ: ರಜೆ ಕೇಳಿ, ಅರ್ಜಿ ಜೇಬಿನಲ್ಲಿಟ್ಟುಕೊಂಡು, ಅದೇ ಲಾರಿಯಲ್ಲಿ ನೀವೇ ಹೊರಟು ಬನ್ನಿ.