ದುಡ್ಡು ಬಂತು, ಕೆನರಿಗಳು ಹೋದವು

ಇಂಧನ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಪಕ್ಕದ ಮನೆಯವನ ಮುಖ ನೋಡಲು ನಾಚಿಕೆಯಾಗಿ ನಾನೀಗ ಹಿತ್ತಲ ಬಾಗಿಲಿನಿಂದ ಓಡಾಡುತ್ತೇನೆ. ಅದಕ್ಕೆ ಕಾರಣ ನೀವು. ಗ್ಯಾಸು, ಕರೆಂಟಿನ ಕಂಪನಿ ಬದಲಾಯಿಸಿದವರಿಗೆ ಹಳೆಯ ಕಂಪನಿಯಲ್ಲಿ ಉಳಿದ ಹಣ ತಾನಾಗಿಯೇ ವಾಪಸು ಬರುತ್ತದೆಂದು ರೇಡಿಯೋದಲ್ಲಿ ಹೇಳಿಸಿದವರು ನೀವು, ನಂಬಿದವಳು ನಾನು, ಚಳಿಯಲ್ಲಿ ಕೂತವನು ಸಿರಿಲ್.

ಸಿರಿಲ್ ಆಸ್ಪಿನಾಲ್ ಮನೆಮನೆಗೆ ಕಾರ್ಪೆಟ್ ಹಾಸುವವನು. ಮಂಡಿ ಕೆಟ್ಟ ಮೇಲೆ ಕೆಲಸ ಸಿಗುವುದೇ ಅಪರೂಪ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅದರಾಚೆ ಅವನ ಕೆನರಿ ಹಕ್ಕಿಗಳ ಕೋಣೆ. ಮರಿ ಮಾಡುವ ಕಾಲದಲ್ಲಿ ಆ ಕೋಣೆಯನ್ನು ಅವನು ಬೆಚ್ಚಗಿಡುತ್ತಿದ್ದ. ಅದಕ್ಕೆಂದೇ ಬೇಸಿಗೆಯಲ್ಲೂ ತಿಂಗಳು ತಪ್ಪದೆ ಚಳಿಗಾಲದಷ್ಟೇ ಹಣ ಕಟ್ಟಿ, ಹೆಚ್ಚಾದದ್ದನ್ನು ಚಳಿಗಾಲಕ್ಕೆಂದು ಕಂಪನಿಯಲ್ಲೇ ಕೂಡಿಟ್ಟಿದ್ದ. ನಾನು ಬೇಲಿಯ ಮೇಲೆ ಬಗ್ಗಿ ಅವನ ತಲೆ ತಿಂದೆ.

"ಬದಲಾಯ್ಸೋ ಮಾರಾಯ. ಹೊಸ ಕಂಪನೀದು ರೇಟು ಕಮ್ಮಿ. ಹಳೇ ದುಡ್ಡೂ ವಾಪಸ್ ಬರುತ್ತೆ."

"ನಂಗದೆಲ್ಲ ತಲೆಗೆ ಹತ್ತಲ್ಲ ಡೋರೀನ್."

"ನಾನಿಲ್ವಾ?"

ನಾನಿದ್ದೆ. ಅವನ ಅಡುಗೆಮನೆಯಲ್ಲಿ ಕೂತು, ಅವನು ಕೊಟ್ಟ ಚಹಾ ಕುಡಿಯುತ್ತ, ನನ್ನ ಫೋನಿನಲ್ಲೇ ಬದಲಾವಣೆ ಮಾಡಿಸಿದೆ. ಎಂಥ ಉಪಕಾರಿ!

ಆಮೇಲೆ ಶುರುವಾಯಿತು. ಮೀಟರಿನ ಕೊನೆಯ ಅಂಕಿ ತಲುಪದೆ ಹಣ ಕೊಡಲಾಗದೆಂದು ಹಳೆಯ ಕಂಪನಿ, ಕಳಿಸಿದ್ದೇವೆಂದು ಹೊಸ ಕಂಪನಿ. ಮೀಟರು ಮಾತ್ರ ಸಿರಿಲ್‌ನ ಮೆಟ್ಟಿಲ ಕೆಳಗೆ, ಯಾರು ಬೇಕಾದರೂ ನೋಡುವಂತೆ, ಇದ್ದಲ್ಲೇ ಇತ್ತು. ಬಂದು ನೋಡಲು ಯಾರಿಗೆ ಪುರುಸೊತ್ತು? ಕಾಸು ಬಾಕಿಯಿದ್ದರೆ ಬಾಗಿಲು ಬಡಿಯುವವರಿಗೆ, ಕಾಸು ಕೊಡಬೇಕಾದಾಗ ನಮ್ಮ ಬೀದಿಯ ದಾರಿಯೇ ಮರೆತುಹೋಗುತ್ತದೆಯೇ? ಒಮ್ಮೆ ನಾನು ಪಕ್ಕದಲ್ಲಿ ಕೂತೇ ಅವನಿಂದ ಹಳೆಯ ಕಂಪನಿಗೆ ಫೋನು ಮಾಡಿಸಿದೆ.

"ನಿಮ್ಮ ಖಾತೆ ಮುಚ್ಚಿದೆ ಸರ್. ಮುಚ್ಚಿದ ಖಾತೇಲಿರೋ ಹಣ ನಮಗೆ ಕಾಣ್ಸಲ್ಲ" ಎಂದಳು ಫೋನೆತ್ತಿದ ಹುಡುಗಿ.

"ಮುಚ್ಚಿದ್ದು ನೀವೇ ಅಲ್ವೇನಮ್ಮ? ಮುಚ್ಚೋ ಮುಂಚೆ ಒಳಗೆ ಯಾರಾದ್ರೂ ಇದಾರಾ ಅಂತ ಕೂಗಿ ನೋಡ್ಬಾರ್ದಿತ್ತಾ?" ಎಂದ ಸಿರಿಲ್. ಅವಳು ನಕ್ಕಳು. ಅವನೂ ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ಅವನು ಮನೆಯೊಳಗೆ ಕೋಟು, ಟೋಪಿ ಹಾಕಿಕೊಂಡು ಕೂತಿದ್ದ. ಇದ್ದಬದ್ದ ಶಾಖವೆಲ್ಲ ಹಕ್ಕಿಗಳ ಕೋಣೆಗೆ ಹೋಗುತ್ತಿತ್ತು. ನಾನು ಸಾಲ ಕೊಡುತ್ತೇನೆಂದರೆ, "ನೀನೇ ಪಿಂಚಣಿ ಮೇಲಿರೋಳು ಕಣೆ" ಎಂದು ಮಾತು ಹಾರಿಸಿದ.

ನಾನು ನಿಮ್ಮ ಕಚೇರಿಗೆ ದೂರು ಬರೆದೆ. ಪರಿಶೀಲನೆಯಲ್ಲಿದೆ ಎಂದಿರಿ.

ಫೆಬ್ರವರಿಯ ಒಂದು ಬೆಳಿಗ್ಗೆ ಅವನ ಮನೆಯ ಮುಂದೆ ವ್ಯಾನು ನಿಂತಿತ್ತು. ಹತ್ತಿರದ ಕೋಲ್ನ್ ಊರಿನ ಹಕ್ಕಿ ಸಾಕುವವನೊಬ್ಬ ಪಂಜರಗಳನ್ನು ಅದರೊಳಗಿಡುತ್ತಿದ್ದ. ಸಿರಿಲ್ ಒಂದೊಂದಕ್ಕೂ ಬಟ್ಟೆ ಹೊದಿಸಿ ತಂದುಕೊಡುತ್ತಿದ್ದ. ನಾನು ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದೆ.

"ಸಿರಿಲ್, ಇದೆಲ್ಲ ನನ್ನಿಂದಾನೇ..."

"ಬಿಡೇ. ನೀನು ಒಳ್ಳೇದಕ್ಕೇ ತಾನೆ ಹೇಳಿದ್ದು? ಅಲ್ಲಿ ಬೆಚ್ಚಗಿರ್ತಾವೆ."

ಅವನು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಮಾನ್ಯರೇ. ಬೈಗುಳಕ್ಕೆ ಎದುರುತ್ತರ ಕೊಟ್ಟು ನೆಮ್ಮದಿಯಾಗಿರುತ್ತಿದ್ದೆ.

ಏಪ್ರಿಲ್‌ನಲ್ಲಿ ಹಣ ಬಂತು, ಪೂರ್ತಿಯಾಗಿ. "ಉಂಟಾದ ಅನಾನುಕೂಲಕ್ಕಾಗಿ" ಮೇಲೊಂದಿಷ್ಟು ಚಿಲ್ಲರೆಯೂ ಬಂತು. ಸಿರಿಲ್ ಅದರಲ್ಲಿ ನನಗೊಂದು ಕೇಕು ತಂದುಕೊಟ್ಟ! ಹಕ್ಕಿಗಳನ್ನು ವಾಪಸು ಕೇಳು ಎಂದೆ. "ಅಲ್ಲಿ ಮೊಟ್ಟೆ ಇಟ್ಟಿವೆಯಂತೆ. ಈಗೆಲ್ಲಿ ಕೀಳೋದು" ಎಂದು ಹೊರಟುಹೋದ. ಗೋಡೆಯಾಚೆ ಈಗ ಸದ್ದಿಲ್ಲ. ನಿಮ್ಮ ಕಚೇರಿಯಿಂದಲೂ ಉತ್ತರ ಬಂತು: ಹಣ ಸಂದಾಯವಾದ ಕಾರಣ ದೂರು ಇತ್ಯರ್ಥವಾಗಿದೆ. ಯಾರಿಗೆ ಇತ್ಯರ್ಥವಾಯಿತು, ಹೇಳುವಿರಾ?

ಬಿಟ್ಟುಹೋದ ಗಿರಾಕಿಯ ಹಣವನ್ನು ಅವನು ಕೇಳುವ ಮೊದಲೇ ಕೊಡಬೇಕು, ಕಂಪನಿಗಳ ಜಗಳ ಅವರೊಳಗೇ ಇರಬೇಕು ಎಂದು ಆಜ್ಞೆ ಹೊರಡಿಸಿ. ಅದು ನಿಮ್ಮ ಕೆಲಸ. ಸಂಬಳ ಬರುವುದೂ ಅದಕ್ಕೇ. ಇನ್ನೊಂದು ಬೇಡಿಕೆ ನನ್ನದು. ನಿಮ್ಮ ಸಹಿ ಹಾಕಿ ಸಿರಿಲ್‌ಗೆ ನಾಲ್ಕು ಸಾಲು ಬರೆಯಿರಿ. ತಪ್ಪು ನಮ್ಮದು, ನಿಮ್ಮ ನೆರೆಯವಳದಲ್ಲ ಎಂದು ಬರೆಯಿರಿ. ಅವನಿಗೆ ಅದು ಬೇಕಿಲ್ಲ, ಗೊತ್ತು. ಓದಿ ಮುಗಿಸಿ ಅವನು ನನಗೂ ತೋರಿಸಿಯಾನು ಎಂಬ ಆಸೆ, ಅಷ್ಟೆ.

ಇಂತಿ,
ಯಾರಿಗೂ ಬುದ್ಧಿ ಹೇಳುವುದನ್ನು ಬಿಟ್ಟಿರುವ
ಡೋರೀನ್ ಹ್ಯಾಲಿವೆಲ್
ಬರ್ನ್ಲಿ